ಹೆತ್ತವಳ ತಪ್ಪೇನು, ಮೇಷ್ಟ್ರೇ?

ಚನ್ನಪಟ್ಟಣ ತಾಲ್ಲೂಕಿನ ನಿವೃತ್ತ ಶಿಕ್ಷಕರೊಬ್ಬರು, ಹೆಸರು ಹಾಕಬೇಡಿ ಎಂದು ಕೇಳಿಕೊಂಡು, ಹೀಗೆ ಬರೆದಿದ್ದಾರೆ:

‘ನನ್ನ ಹೆಂಡತಿ ಹೆತ್ತ ಮೂವರೂ ಹೆಣ್ಣೇ. ಈಗ ಮಗಳಿಗೆ ಎರಡನೆಯದೂ ಹೆಣ್ಣಾಯಿತು. “ತಾಯಿಯಂತೆ ಮಗಳು, ನಿಮ್ಮ ವಂಶವೇ ಅಂಥದ್ದು” ಎಂದು ಬೀಗಿತ್ತಿ ತೊಟ್ಟಿಲ ಮುಂದೆಯೇ ಅಂದರು. ನಾನು ಮೂವತ್ತು ವರ್ಷ ವಿಜ್ಞಾನದ ಪಾಠ ಹೇಳಿದವನು. ಈಗ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ. ಆದರೂ ಕೆಲವು ಮನೆತನಗಳಲ್ಲಿ ಬರೀ ಹೆಣ್ಣೇ ಹುಟ್ಟುವುದನ್ನು ನೋಡಿದಾಗ ಹಿರಿಯರ ಮಾತನ್ನು ಪೂರ್ತಿ ತಳ್ಳಿಹಾಕಲು ಮನಸ್ಸು ಬರುವುದಿಲ್ಲ. ತಮ್ಮ ಅಭಿಪ್ರಾಯವೇನು?’

ಮೇಷ್ಟ್ರೇ, ಹಿರಿಯರು ಕಂಡದ್ದು ಸುಳ್ಳಲ್ಲ. ನಾಲ್ಕು ಸಲ ನಾಣ್ಯ ಚಿಮ್ಮಿದರೆ ನಾಲ್ಕೂ ಸಲ ತಲೆಯೇ ಬೀಳುವುದು 16ಕ್ಕೆ 1 ಸಲ. ನಾಲ್ಕು ಮಕ್ಕಳಿರುವ 16 ಮನೆಗಳಲ್ಲಿ ಹೆಚ್ಚುಕಡಿಮೆ ಒಂದು ಮನೆಯಲ್ಲಿ ನಾಲ್ಕೂ ಹೆಣ್ಣೇ. ಊರೆಂದ ಮೇಲೆ ಅಂಥ ಕೆಲವು ಮನೆ ಇದ್ದೇ ಇರುತ್ತವೆ, ಕಣ್ಣಿಗೂ ಬೀಳುತ್ತವೆ. ಹಿರಿಯರ ಮಾತಿಗೆ ಇಷ್ಟು ಮನ್ನಣೆ ಸಾಕು.

ನಮ್ಮ ದೊಡ್ಡಮ್ಮನಿಗೆ ಐದು ಹೆಣ್ಣುಮಕ್ಕಳು. ಐದನೆಯದು ಹುಟ್ಟಿದ ವರ್ಷವೇ ದೊಡ್ಡಪ್ಪ ಇನ್ನೊಂದು ಮದುವೆಯಾದರು. ಬಂದವಳಿಗೂ ಎರಡು ಹೆಣ್ಣೇ ಆದವು. ಆಗಲೂ ದೊಡ್ಡಪ್ಪನ ಕಡೆ ಯಾರೂ ಬೆರಳು ತೋರಲಿಲ್ಲ. ದೊಡ್ಡಮ್ಮ ಹಿತ್ತಲ ಜಗುಲಿಯಲ್ಲಿ ಕೂತು ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಜರಡಿಯಲ್ಲಿ ಉಳಿದ ಹುಳುಗಳನ್ನು ಬೆರಳ ತುದಿಯಲ್ಲಿ ಆರಿಸಿ ಕೋಳಿಗೆ ಎಸೆಯುತ್ತಾ ‘ನನ್ನ ಹೊಟ್ಟೆಯೇ ಸರಿಯಿಲ್ಲ ಕಣೋ’ ಅನ್ನುತ್ತಿದ್ದಳು. ನಾನು ಆಗ ಆರನೇ ತರಗತಿಯ ಹುಡುಗ. ಹೌದೇನೋ ಅಂದುಕೊಂಡಿದ್ದೆ.

ಅಮೆರಿಕದ ಜೀವವಿಜ್ಞಾನಿ ನೆಟಿ ಸ್ಟೀವನ್ಸ್ ಸೂಕ್ಷ್ಮದರ್ಶಕದಲ್ಲಿ ನೋಡಿದ್ದೂ ಹಿಟ್ಟು ಕಾಳುಗಳಲ್ಲಿ ಬೀಳುವ ಹುಳುವಿನ ಒಂದು ಜಾತಿಯನ್ನೇ. ಶಾಲೆಯಲ್ಲಿ ಪಾಠ ಹೇಳುತ್ತಿದ್ದು, 35ರ ವಯಸ್ಸಿಗೆ ವಿಶ್ವವಿದ್ಯಾಲಯ ಸೇರಿದವರು ಆಕೆ. ಹೆಣ್ಣುಹುಳುವಿನ ಜೀವಕೋಶದಲ್ಲಿ 20 ದೊಡ್ಡ ವರ್ಣತಂತುಗಳು (ಕ್ರೋಮೋಸೋಮ್), ಗಂಡಿನದರಲ್ಲಿ ದೊಡ್ಡವು 19, ಉಳಿದೊಂದು ತೀರಾ ಪುಟ್ಟದು ಎಂದು 1905ರಲ್ಲಿ ತೋರಿಸಿದರು. ವೀರ್ಯಾಣುಗಳಲ್ಲಿ ಅರ್ಧಕ್ಕೆ ಆ ಪುಟ್ಟದು ಹೋಗುತ್ತದೆ, ಅರ್ಧಕ್ಕೆ ದೊಡ್ಡದು. ಅಂಡಾಣುಗಳೆಲ್ಲ ಒಂದೇ ಬಗೆ. ಮನುಷ್ಯರಲ್ಲೂ ಹೀಗೆಯೇ: ತಾಯಿ ಕೊಡುವುದು ಯಾವಾಗಲೂ ದೊಡ್ಡದು, ಅಂದರೆ ಎಕ್ಸ್. ತಂದೆಯಿಂದಲೂ ಎಕ್ಸ್ ಬಂದರೆ ಹೆಣ್ಣು, ಪುಟ್ಟದು ಅಂದರೆ ವೈ ಬಂದರೆ ಗಂಡು. ಅದೇ ಹೊತ್ತಿಗೆ ಅಮೆರಿಕದ ಇನ್ನೊಬ್ಬ ವಿಜ್ಞಾನಿ ಎಡ್ಮಂಡ್ ವಿಲ್ಸನ್ ಕೂಡ ಬೇರೆ ಕೀಟಗಳಲ್ಲಿ ಇದನ್ನು ಕಂಡಿದ್ದರು, ಹೆಸರು ಬಹುಪಾಲು ಅವರಿಗೇ ಹೋಯಿತು. ಸ್ಟೀವನ್ಸ್ 1912ರಲ್ಲಿ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡಾಗ ವಯಸ್ಸು ಐವತ್ತು. ನಮ್ಮ ದೊಡ್ಡಮ್ಮ ಹುಟ್ಟುವುದಕ್ಕೆ ಮೊದಲೇ ಅವಳ ಪರವಾಗಿ ತೀರ್ಪು ಬಂದಾಗಿತ್ತು. ನಮ್ಮ ಹಿತ್ತಲಿಗೆ ಅದು ತಲುಪಲೇ ಇಲ್ಲ.

ನೀವು ಸಾಕುವ ಹುಳುವಿನಲ್ಲಿ ಈ ಲೆಕ್ಕ ತಿರುಗುಮುರುಗು. ರೇಷ್ಮೆಯ ಗಂಡುಚಿಟ್ಟೆ ಕೊಡುವುದು ಒಂದೇ ಬಗೆ, ಹೆಣ್ಣುಚಿಟ್ಟೆಯ ಅಂಡಾಣುಗಳಲ್ಲೇ ಎರಡು ಬಗೆ. ಕೋಳಿಯಲ್ಲೂ ಹಾಗೆಯೇ. ಗಂಡೋ ಹೆಣ್ಣೋ ಎಂಬುದು ತಾಯಿಯಿಂದ ತೀರ್ಮಾನವಾಗುವುದು ಅಲ್ಲಿ. ಮೈಸೂರು ತಳಿಯ ಹೆಣ್ಣಿಗೆ ದ್ವಿತಳಿಯ (ವರ್ಷಕ್ಕೆ ಎರಡು ಪೀಳಿಗೆಯ ತಳಿ) ಗಂಡು ಕೂಡಿಸಿದ ಮಿಶ್ರತಳಿ ಮೊಟ್ಟೆಯನ್ನೇ ಕೇಳಿ ತರುವವನು ನಮ್ಮ ರೈತ. ಗೂಡಿನ ಹಳದಿ ಯಾವ ಕಡೆಯದು ಎಂದು ಹುಳು ಗೂಡು ಕಟ್ಟುವ ಚಂದ್ರಿಕೆಯ ಮುಂದೆ ನಿಂತು ಹೇಳಬಲ್ಲ. ಸೊಸೆಯ ಹೆರಿಗೆಯ ಮಾತು ಬಂದಾಗ ಮಾತ್ರ ಆ ತಿಳಿವಳಿಕೆಯನ್ನೆಲ್ಲ ಹುಳುಮನೆಯಲ್ಲೇ ಬಿಟ್ಟು ಬರುತ್ತಾನೆ. ನನ್ನ ಸಂಕಟ ಇದೇ.

ನಿಮ್ಮ ಮೇಲೆ ಕೋಪವೂ ಇದೆ, ಬೇಸರಿಸಬೇಡಿ. ಈ ಎಕ್ಸ್-ವೈ ಚಿತ್ರವನ್ನು ನೀವು ಎಷ್ಟು ಸಲ ಬೋರ್ಡಿನ ಮೇಲೆ ಬರೆದಿಲ್ಲ! ಎಷ್ಟು ಮಕ್ಕಳಿಗೆ ಅದಕ್ಕೆ ಪೂರ್ತಿ ಅಂಕ ಕೊಟ್ಟಿಲ್ಲ! ಆ ಮಕ್ಕಳೇ ಈಗ ಗಂಡಂದಿರು, ಅತ್ತೆಯರು. ಹತ್ತನೇ ತರಗತಿಯ ಪಾಠ ಉತ್ತರಪತ್ರಿಕೆಯಿಂದ ಬಾಣಂತಿ ಕೋಣೆಯವರೆಗೆ ನಡೆದು ಬರಲಿಲ್ಲ. ಬೀಗಿತ್ತಿ ಆ ಮಾತು ಅಂದಾಗ ಪಾಠ ಹೇಳಿದ ನೀವೇ ಸುಮ್ಮನೆ ಕೂತಿರಿ. ಹಾಗೆಂದು ಅಳಿಯಂದಿರ ಮೇಲೆ ಹೊರಿಸಿ ಬನ್ನಿ ಎನ್ನುತ್ತಿಲ್ಲ. ಅವರೇನೂ ಆರಿಸಿ ಕೊಟ್ಟದ್ದಲ್ಲ. ಹೆಣ್ಣು ಹುಟ್ಟಿದ್ದಕ್ಕೆ ‘ತಪ್ಪು ಯಾರದು’ ಎಂದು ಹುಡುಕುವ ಆ ಹುಡುಕಾಟವೇ ನಿಲ್ಲಬೇಕು.

2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲ ಬಯಲಾಯಿತು. ಬೆಲ್ಲ ಕಾಯಿಸುವ ಜಾಗದಲ್ಲಿ! ಇದನ್ನು ತಡೆಯುವ ಕಾಯ್ದೆ 1994ರಿಂದಲೂ ಇದೆ. 2011ರ ಜನಗಣತಿಯಂತೆ ನಮ್ಮ ರಾಜ್ಯದಲ್ಲಿ 0–6 ವಯಸ್ಸಿನ 1000 ಗಂಡುಮಕ್ಕಳಿಗೆ ಇದ್ದ ಹೆಣ್ಣುಮಕ್ಕಳು 948. ಗಂಡು ಸಂತಾನಕ್ಕೆ ಔಷಧಿ ಕೊಡುತ್ತೇವೆನ್ನುವವರ ಜಾಹೀರಾತು ನಮ್ಮ ಕಚೇರಿಗೂ ಬರುತ್ತದೆ, ವಾಪಸು ಕಳಿಸುತ್ತೇವೆ. ಇವರಿಗೆಲ್ಲ ಗಿರಾಕಿಗಳನ್ನು ಒದಗಿಸುವುದು ತೊಟ್ಟಿಲ ಮುಂದೆ ಬೀಳುವ ಇಂಥ ಮಾತುಗಳೇ.

ಮುಂದಿನ ಸಲ ಬೀಗರು ಬಂದಾಗ ಒಂದು ಹಾಳೆ ತೆಗೆದು ಆ ಚಿತ್ರವನ್ನು ಬರೆದು ತೋರಿಸಿ. ಮಗಳೂ ಪಕ್ಕದಲ್ಲಿ ಕೂತು ಕೇಳಲಿ. ಇನ್ನೊಂದು ಮಾತು: ಎರಡು ಪುಟ ಬರೆದಿದ್ದೀರಿ, ಮಗುವಿನ ಹೆಸರು ಎಲ್ಲೂ ಇಲ್ಲ. ನಾಮಕರಣ ಆಗಿದ್ದರೆ ದಯವಿಟ್ಟು ತಿಳಿಸಿ.

— ಸಂಪಾದಕ