ಸೆಕೆ, ತೇವ, ಮಂಜು, ಸಿಡಿಲು: ಓದುಗರ ಪ್ರಶ್ನೆಗಳಿಗೆ ಉತ್ತರ

ಹವೆ ಬದಲಾದಾಗ ಮನೆಯಲ್ಲೂ ರಸ್ತೆಯಲ್ಲೂ ಎದುರಾಗುವ ತೊಂದರೆಗಳ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಐದನ್ನು ಇಲ್ಲಿ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಎರಡು ದಿನವೂ ಥರ್ಮಾಮೀಟರ್ ತೋರಿಸುವುದು 32 ಡಿಗ್ರಿ. ಆದರೆ ಒಂದು ದಿನ ನೆರಳಿನಲ್ಲಿ ಹಾಯೆನಿಸುತ್ತದೆ, ಇನ್ನೊಂದು ದಿನ ಫ್ಯಾನಿನ ಕೆಳಗೆ ಕುಳಿತರೂ ಮೈಯೆಲ್ಲ ಅಂಟಂಟು. ಏಕೆ ಹೀಗೆ?

ಉತ್ತರ: ಬೆವರು ಆರಿದರೆ ಮಾತ್ರ ಮೈ ತಂಪಾಗುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದಾಗ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. ಅದೇ ಬೆವರು ತೊಟ್ಟಿಕ್ಕಿ ನೆಲಕ್ಕೆ ಬಿದ್ದರೆ ದೇಹದ ನೀರು ಖರ್ಚಾಯಿತೇ ಹೊರತು ತಂಪಾಗಲಿಲ್ಲ. ಗಾಳಿಯಲ್ಲಿ ಈಗಾಗಲೇ ನೀರಾವಿ ತುಂಬಿದ್ದರೆ ಬೆವರು ಆರುವುದು ನಿಧಾನ. ಅದೇ ಆ ಅಂಟಿಗೆ ಕಾರಣ.

ಇದನ್ನು ಮೊದಲೇ ತಿಳಿಯಬೇಕೆಂದರೆ ಹವಾಮಾನ ವರದಿಯಲ್ಲಿ ಆರ್ದ್ರತೆಯ ಶೇಕಡಾ ಅಂಕಿಗಿಂತ ಇಬ್ಬನಿ ಬಿಂದುವನ್ನು, ಅಂದರೆ ಗಾಳಿ ಎಷ್ಟು ಡಿಗ್ರಿಗೆ ತಣ್ಣಗಾದರೆ ಅದರಲ್ಲಿನ ಆವಿ ಹನಿಗಟ್ಟತೊಡಗುತ್ತದೋ ಆ ಉಷ್ಣತೆಯನ್ನು, ನೋಡುವುದು ಮೇಲು. ಬೆಳಗ್ಗೆ 20 ಡಿಗ್ರಿಯಲ್ಲಿ ಶೇ 90 ಆರ್ದ್ರತೆ, ಮಧ್ಯಾಹ್ನ 30 ಡಿಗ್ರಿಯಲ್ಲಿ ಶೇ 50 ಎಂದು ವರದಿ ಹೇಳಿದರೆ, ಗಾಳಿ ಒಣಗಿತು ಎಂದು ಅನಿಸುವುದು ಸಹಜ. ನಿಜಕ್ಕೂ ಎರಡೂ ಹೊತ್ತು ಗಾಳಿಯಲ್ಲಿರುವ ನೀರಾವಿ ಹೆಚ್ಚುಕಡಿಮೆ ಒಂದೇ. ಎರಡಕ್ಕೂ ಇಬ್ಬನಿ ಬಿಂದು ಸುಮಾರು 18 ಡಿಗ್ರಿ. ಈ ಬಿಂದು 16ರ ಕೆಳಗಿದ್ದರೆ ಹಿತ, 21 ದಾಟಿದರೆ ಜಿಗುಟು, 24 ದಾಟಿದರೆ ಉಸಿರು ಕಟ್ಟಿದಂಥ ಸೆಕೆ.

ಫ್ಯಾನ್ ಗಾಳಿಯನ್ನು ತಂಪು ಮಾಡುವುದಿಲ್ಲ, ಚರ್ಮಕ್ಕೆ ಅಂಟಿದ ತೇವದ ಪದರವನ್ನು ಸರಿಸುತ್ತದೆ ಅಷ್ಟೇ. ಹಾಗಾಗಿ ಯಾರೂ ಇಲ್ಲದ ಕೋಣೆಯಲ್ಲಿ ಅದು ತಿರುಗಿ ಪ್ರಯೋಜನವಿಲ್ಲ. ಬಿಸಿಲು ಏರಿ ಗಾಳಿಯೇ 40 ಡಿಗ್ರಿ ದಾಟಿದಾಗ ಬರೀ ಫ್ಯಾನನ್ನು ನಂಬಬೇಡಿ. ಅದು ಬಿಸಿಗಾಳಿಯನ್ನು ಮೈಮೇಲೆ ಸುರಿದು ದೇಹವನ್ನು ಇನ್ನಷ್ಟು ಕಾಯಿಸುತ್ತದೆ. ಆಗ ಕೈ, ಕುತ್ತಿಗೆ, ಮುಖಕ್ಕೆ ಆಗಾಗ ನೀರು ಹಚ್ಚಿಕೊಳ್ಳಬೇಕು, ತಂಪಾದ ಜಾಗಕ್ಕೆ ಹೋಗಬೇಕು. ನೀರಿನ ಏರ್ ಕೂಲರ್ ಒಣಹವೆಗೆ ಹೇಳಿ ಮಾಡಿಸಿದ ಯಂತ್ರ, ಆದರೆ ಕಿಟಕಿ ತೆರೆದಿರಲೇಬೇಕು. ಮುಚ್ಚಿದ ಕೋಣೆಯಲ್ಲಿ ಅರ್ಧ ಗಂಟೆಯಲ್ಲೇ ಅದು ತೇವ ತುಂಬಿ ಸೆಕೆಯನ್ನು ಹೆಚ್ಚಿಸುತ್ತದೆ. ಮಳೆಗಾಲದ ಸೆಕೆಗೆ ಅದನ್ನು ಕೊಳ್ಳಬೇಡಿ.

ಒಂದು ಮಾತು ಮರೆಯಬೇಡಿ. ಬಿಸಿಲಿನಲ್ಲಿದ್ದವರು ತಡಬಡಿಸಿ ಮಾತಾಡತೊಡಗಿದರೆ, ಗೊಂದಲಕ್ಕೊಳಗಾದರೆ, ಮೈ ಸುಡುತ್ತಿದ್ದರೆ ಬೆವರು ಇದೆಯೋ ಇಲ್ಲವೋ ಎಂದು ನೋಡುತ್ತ ಕೂರಬಾರದು. ಆಂಬುಲೆನ್ಸಿಗೆ ಕರೆ ಮಾಡಿ, ಅದು ಬರುವ ತನಕ ನೆರಳಿನಲ್ಲಿ ಮಲಗಿಸಿ ತಣ್ಣೀರು ಸುರಿಯುತ್ತ ಗಾಳಿ ಬೀಸಿ.

ಪ್ರಶ್ನೆ: ಜಿಟಿಜಿಟಿ ಮಳೆ ಹಿಡಿದಾಗ ಬಟ್ಟೆ ಮನೆಯೊಳಗೆ ಒಣಗಿಸುತ್ತೇವೆ. ಎರಡು ದಿನವಾದರೂ ಆರುವುದಿಲ್ಲ, ಮುಗ್ಗಲು ವಾಸನೆ ಬೇರೆ. ಕಿಟಕಿ ತೆರೆದರೆ ಹೊರಗಿನ ತೇವ ಒಳಗೆ ಬರುವುದಿಲ್ಲವೇ?

ಉತ್ತರ: ಬಟ್ಟೆ ಬಹಳ ಹೊತ್ತು ಒದ್ದೆಯಾಗಿದ್ದರೆ ನೂಲಿನಲ್ಲಿ ಉಳಿದ ಬೆವರು, ಜಿಡ್ಡನ್ನು ತಿಂದು ಬ್ಯಾಕ್ಟೀರಿಯಾ ಬೆಳೆಯುತ್ತವೆ. ವಾಸನೆ ಅವುಗಳದ್ದೇ. ಆದ್ದರಿಂದ ಒಣಗುವ ಹೊತ್ತನ್ನು ಕಡಿಮೆ ಮಾಡುವುದೇ ಮುಖ್ಯ. ಪರಿಮಳದ ದ್ರಾವಣ ವಾಸನೆಯನ್ನು ಮುಚ್ಚಿಡುತ್ತದೆ, ಕಾರಣವನ್ನು ಮುಟ್ಟುವುದಿಲ್ಲ.

ವಾಷಿಂಗ್ ಮಷಿನ್ ಇದ್ದರೆ ಸ್ಪಿನ್ ಅನ್ನು ಎರಡನೇ ಬಾರಿ ಓಡಿಸಿ. ಒಂದು ಸಲ ಸ್ಪಿನ್ ಆದ 4 ಕೆ.ಜಿ. ಬಟ್ಟೆಯಲ್ಲೂ ಸುಮಾರು 2 ಲೀಟರ್ ನೀರು ಉಳಿದಿರುತ್ತದೆ, ಅಷ್ಟೂ ನಿಮ್ಮ ಕೋಣೆಯ ಗಾಳಿಗೇ ಸೇರಬೇಕು. ಕೈಯಲ್ಲಿ ಹಿಂಡುವುದಾದರೆ, ಹಿಂಡಿದ ಬಟ್ಟೆಯನ್ನು ಒಣಗಿದ ಟವೆಲಿನಲ್ಲಿ ಸುತ್ತಿ ಮತ್ತೊಮ್ಮೆ ಹಿಂಡಿ. ಬಟ್ಟೆ ಬಟ್ಟೆಯ ನಡುವೆ ನಾಲ್ಕು ಬೆರಳಷ್ಟು ಜಾಗ ಬಿಡಿ. ಷರ್ಟುಗಳನ್ನು ಹ್ಯಾಂಗರಿಗೆ ಹಾಕಿ, ಜೀನ್ಸನ್ನು ಒಳಮಗ್ಗುಲು ಮಾಡಿ ಸೊಂಟದ ಭಾಗ ಮೇಲೆ ಬರುವಂತೆ, ಕಾಲುಗಳು ಒಂದಕ್ಕೊಂದು ಅಂಟದಂತೆ ತೂಗುಹಾಕಿ. ಟೇಬಲ್ ಫ್ಯಾನಿನ ಗಾಳಿ ಬಟ್ಟೆಗಳ ಸಾಲಿನ ನಡುವೆ ಹಾಯ್ದು ಕಿಟಕಿಯತ್ತ ಹೋಗುವಂತಿರಲಿ.

ಇನ್ನು ಕಿಟಕಿ. ಮನೆಯೊಳಗೆ ಹೊರಗಿಗಿಂತ ಬೆಚ್ಚಗಿದ್ದರೆ ಧೈರ್ಯವಾಗಿ ಸ್ವಲ್ಪ ತೆರೆಯಿರಿ. ಹೊರಗಿನ 20 ಡಿಗ್ರಿಯ, ಶೇ 90 ಆರ್ದ್ರತೆಯ ಗಾಳಿ ಒಳಗೆ ಬಂದು 26 ಡಿಗ್ರಿಗೆ ಕಾದರೆ ಅದರ ಆರ್ದ್ರತೆ ಶೇ 63ರ ಆಸುಪಾಸಿಗೆ ಇಳಿಯುತ್ತದೆ. ಒಳಗೇ ಉಳಿದ ಗಾಳಿಯಾದರೆ ಬಟ್ಟೆಯ ನೀರನ್ನು ಹೀರುತ್ತ ಶೇ 80–90ಕ್ಕೆ ಏರಿ ನಿಲ್ಲುತ್ತದೆ. ಹೊರಗೇ ಹೆಚ್ಚು ಬಿಸಿ, ಹೆಚ್ಚು ತೇವ ಇದ್ದ ದಿನ ಮಾತ್ರ ಮುಚ್ಚಿಡಿ.

ವಾಸನೆ ಬಂದ ಬಟ್ಟೆಗೆ ಇಸ್ತ್ರಿ ಪರಿಹಾರವಲ್ಲ. ತಾಳುವ ಹತ್ತಿಬಟ್ಟೆಯಾದರೆ 60 ಡಿಗ್ರಿ ಬಿಸಿನೀರಿನಲ್ಲಿ ಮತ್ತೆ ಒಗೆಯಬೇಕು. ಬೀರುವಿಗೆ ಇಡುವ ಮುನ್ನ ಹೊಲಿಗೆ, ಕಾಲರ್, ಜೇಬಿನ ತುದಿ ಮುಟ್ಟಿ ನೋಡಿ, ತೇವ ಕೊನೆಗೆ ಉಳಿಯುವುದು ಅಲ್ಲೇ. ಬೀರು ಹೊರಗೋಡೆಗೆ ಒತ್ತಿಕೊಂಡಿದ್ದರೆ 5 ಸೆಂ.ಮೀ. ಮುಂದಕ್ಕೆ ಎಳೆಯಿರಿ, ಇಲ್ಲವಾದರೆ ಹಿಂಬದಿಯಲ್ಲಿ ಬೂಷ್ಟು ಕಟ್ಟುತ್ತದೆ. ಆರ್ದ್ರತೆ ಅಳೆಯುವ ಸಣ್ಣ ಮಾಪಕವೊಂದು ಮನೆಯಲ್ಲಿದ್ದರೆ ಒಳ್ಳೆಯದು. ಶೇ 60ರ ಕೆಳಗಿರುವಂತೆ ನೋಡಿಕೊಳ್ಳಿ.

ಪ್ರಶ್ನೆ: "10 ಮಿ.ಮೀ. ಮಳೆ" ಎಂದರೆ ಎಷ್ಟು ನೀರು?

ಉತ್ತರ: ಒಂದು ಮಿ.ಮೀ. ಮಳೆಯೆಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್. 100 ಚದರ ಮೀಟರ್ ತಾರಸಿಯ ಮೇಲೆ 10 ಮಿ.ಮೀ. ಬಿದ್ದರೆ 1,000 ಲೀಟರ್. ತಾರಸಿ ಹೀರುವುದು, ಆರಿಹೋಗುವುದು, ಸಿಡಿದು ಹೋಗುವುದನ್ನು ಕಳೆದರೆ ತೊಟ್ಟಿಗೆ 800 ಲೀಟರ್ ಬಂದೀತು ಎಂದು ಲೆಕ್ಕ ಹಿಡಿಯಿರಿ. ಮೊದಲ ಮಳೆಯ ನೀರು ಧೂಳು, ಹಿಕ್ಕೆಗಳನ್ನು ತೊಳೆದು ತರುವುದರಿಂದ ಅದನ್ನು ಹೊರಗೆ ಬಿಡಿ.

ಪ್ರಶ್ನೆ: ಕಾರಿನ ಮುಂದಿನ ಗಾಜು ಮಸುಕಾದಾಗ ಏಸಿ ಹಾಕುತ್ತೇನೆ. ಕೆಲವೊಮ್ಮೆ ಸರಿಹೋಗುತ್ತದೆ, ಕೆಲವೊಮ್ಮೆ ಹೆಚ್ಚಾಗುತ್ತದೆ.

ಉತ್ತರ: ಗಾಡಿ ನಿಲ್ಲಿಸಿ ಗಾಜನ್ನು ಒಳಗಿನಿಂದ ಬೆರಳಲ್ಲಿ ಒರೆಸಿ ನೋಡಿ. ಗೆರೆ ಮೂಡಿದರೆ ತೇವ ಒಳಗಿದೆ: ನಿಮ್ಮ ಉಸಿರು, ಒದ್ದೆ ಬಟ್ಟೆ, ಒದ್ದೆ ಮ್ಯಾಟ್‌ಗಳ ಆವಿ ತಣ್ಣನೆಯ ಗಾಜಿಗೆ ತಗುಲಿ ಹನಿಯಾಗಿದೆ. ಏಸಿ ಹಾಕಿ, ಜೊತೆಗೆ ಬಿಸಿಗಾಳಿಯನ್ನು ಗಾಜಿನತ್ತ ತಿರುಗಿಸಿ, ಒಳಗಾಳಿಯನ್ನೇ ಸುತ್ತಿಸುವ ಗುಂಡಿಯನ್ನು ಆಫ್ ಮಾಡಿ. ಏಸಿ ತೇವವನ್ನು ಹಿಂಡಿ ತೆಗೆಯುತ್ತದೆ, ಬಿಸಿ ಗಾಜನ್ನು ಕಾಯಿಸುತ್ತದೆ.

ಗೆರೆ ಮೂಡದಿದ್ದರೆ ಮಸುಕು ಹೊರಗಡೆಯದು. ಏಸಿಯಿಂದ ತಣ್ಣಗಾದ ಗಾಜಿನ ಮೇಲೆ ಹೊರಗಿನ ಆವಿ ಕಟ್ಟಿದೆ, ತಣ್ಣೀರು ತುಂಬಿದ ಲೋಟದ ಹೊರಮೈಯಲ್ಲಿ ಹನಿಗಟ್ಟಿದಂತೆ. ವೈಪರ್ ಹಾಕಿ, ತಣ್ಣನೆಯ ಗಾಳಿ ಗಾಜಿಗೆ ಬಡಿಯದಂತೆ ತಿರುಗಿಸಿ, ಏಸಿಯ ತಂಪು ಇಳಿಸಿ. ನಿಮಗೆ ಮಸುಕು ಹೆಚ್ಚಾದದ್ದು ಇಂಥ ದಿನಗಳಲ್ಲೇ ಇರಬೇಕು. ಒಳಗಾಜಿನ ಜಿಡ್ಡು ಒರೆಸಿಟ್ಟರೆ ಮಸುಕು ಕಟ್ಟುವುದೂ ಕಡಿಮೆ.

ರಸ್ತೆಯಲ್ಲೇ ದಟ್ಟ ಮಂಜಿದ್ದರೆ ಲೋ ಬೀಮ್ ಹಾಕಿ. ಹೈ ಬೀಮ್ ಮಂಜಿನ ಹನಿಗಳಿಗೆ ಬಡಿದು ನಿಮ್ಮ ಕಣ್ಣಿಗೇ ಮರಳುತ್ತದೆ.

ಪ್ರಶ್ನೆ: ಗುಡುಗು ಕೇಳಿದ ಮೇಲೆ ಎಷ್ಟು ಹೊತ್ತು ಒಳಗಿರಬೇಕು? ಮೊಬೈಲ್ ಸಿಡಿಲನ್ನು ಸೆಳೆಯುತ್ತದೆಯೇ?

ಉತ್ತರ: ಮಿಂಚು ಕಂಡ ಕ್ಷಣದಿಂದ ಗುಡುಗಿನ ತನಕ ಸೆಕೆಂಡು ಎಣಿಸಿ, 3ರಿಂದ ಭಾಗಿಸಿದರೆ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. 30 ಸೆಕೆಂಡು, ಅಂದರೆ 10 ಕಿ.ಮೀ.ಗಿಂತ ಕಡಿಮೆಯಾದರೆ ಆಗಲೇ ಅಪಾಯದ ವಲಯದಲ್ಲಿದ್ದೀರಿ. ಎಣಿಸಲು ಪುರುಸೊತ್ತಿಲ್ಲದಿದ್ದರೆ, ಗುಡುಗು ಕಿವಿಗೆ ಬಿದ್ದೊಡನೆ ಒಳಗೆ ಹೋಗಿ. ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ, ಮಳೆ ನಿಂತಿದೆ ಎಂದು ಅವಸರಪಡಬೇಡಿ.

ಮೊಬೈಲ್ ಸಿಡಿಲನ್ನು ಸೆಳೆಯುವುದಿಲ್ಲ. ಚಾರ್ಜರಿಗೆ ಸಿಕ್ಕಿಸಿದ ಮೊಬೈಲ್ ಮತ್ತು ತಂತಿಯ ಫೋನ್ ಮುಟ್ಟಬೇಡಿ. ನಲ್ಲಿ, ಷವರ್ ಬಳಸಬೇಡಿ. ಟಿವಿ, ಫ್ರಿಜ್‌ಗಳ ಪ್ಲಗ್ ಕೀಳುವುದಿದ್ದರೆ ಗುಡುಗು ದೂರದಲ್ಲಿರುವಾಗಲೇ ಕೀಳಿ. ಹೊರಗಿದ್ದರೆ ಲೋಹದ ಮಾಡಿನ, ಗಾಜು ಏರಿಸಿದ ಕಾರು ಸುರಕ್ಷಿತ. ಒಂಟಿ ಮರದ ಬುಡ, ಗೋಡೆಯಿಲ್ಲದ ತಂಗುದಾಣ ಅಲ್ಲ.

ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ. ಮುಟ್ಟಲು ಹೆದರಬೇಡಿ. ಪ್ರಜ್ಞೆಯಿಲ್ಲದೆ ಉಸಿರು ನಿಂತಿದ್ದರೆ ಆಂಬುಲೆನ್ಸಿಗೆ ಕರೆ ಮಾಡಿಸಿ, ಎದೆಯ ನಡುವೆ 5–6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100–120 ಸಲದಂತೆ ನೆರವು ಬರುವ ತನಕ ಬಿಡದೆ ಒತ್ತುತ್ತಿರಿ.