ಯೊಸೆಮಿಟಿಯಲ್ಲಿ ಒಂದೇ ರಾತ್ರಿಯ ಬ್ಯಾಕ್‌ಪ್ಯಾಕಿಂಗ್, ಮೊದಲ ಸಲ: ಯಾವ ಟ್ರೇಲ್ ಒಳ್ಳೆಯದು?

ಮೇ ಲೇಕ್‌ಗೆ ಹೋಗಿ, ಕ್ಯಾಲಿಫೋರ್ನಿಯಾದ ಯೊಸೆಮಿಟಿ ನ್ಯಾಷನಲ್ ಪಾರ್ಕಿನೊಳಗಿನ ಒಂದು ಬೆಟ್ಟದ ಕೆರೆ ಅದು. ಉತ್ತರ ಇಷ್ಟೇ ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಯಾಕೆ ಅಂತ ಬೇಕಿದ್ದರೆ ಮುಂದೆ ಓದಿ, ಸ್ವಲ್ಪ ಉದ್ದ ಇದೆ.

ನೀವು ಬರೆದಿರುವ ಪ್ರಕಾರ ಮನೆ ಫ್ರೀಮಾಂಟಿನಲ್ಲಿ, ಜೊತೆಗೆ ಹೆಂಡತಿ ಮತ್ತು ಹತ್ತು ವರ್ಷದ ಮಗಳು. ಊರಲ್ಲಿದ್ದಾಗ ಕುಮಾರ ಪರ್ವತ, ಕೊಡಚಾದ್ರಿ ಎಲ್ಲ ಹತ್ತಿದ್ದೀರಿ, ಆದರೆ ಟೆಂಟು, ಊಟ, ಹಾಸಿಗೆ ಬೆನ್ನ ಮೇಲೆ ಹೊತ್ತುಕೊಂಡು ಯಾವತ್ತೂ ನಡೆದಿಲ್ಲ. ಬೆಳಗ್ಗೆ ಮನೆ ಬಿಟ್ಟು ಮಾರನೇ ದಿನ ರಾತ್ರಿಯೊಳಗೆ ವಾಪಸ್ ಬರಬೇಕು. ಲಿಟಲ್ ಯೊಸೆಮಿಟಿ ವ್ಯಾಲಿ, ಕೆಥೀಡ್ರಲ್ ಲೇಕ್ಸ್, ಗ್ಲೆನ್ ಆಲಿನ್, ಈ ಮೂರರಲ್ಲಿ ಯಾವುದು ಅಂತ ಕೇಳಿದ್ದೀರಿ. ಮೂರೂ ಚೆನ್ನಾಗಿಯೇ ಇವೆ. ಆದರೂ ನಿಮ್ಮ ಪಟ್ಟಿಯಲ್ಲಿಲ್ಲದ ನಾಲ್ಕನೆಯದನ್ನು ಹೇಳುತ್ತಿದ್ದೇನೆ.

ಮೊದಲ ಸಲ ಹೋಗುವವರೆಲ್ಲ ಮೈಲಿ ಲೆಕ್ಕ ನೋಡುತ್ತಾರೆ. ವೀಕೆಂಡಿಗೆ ಹತ್ತು ಮೈಲಿ ಹೈಕ್ ಮಾಡುತ್ತೇವೆ, ಆರು ಮೈಲಿ ಏನು ಮಹಾ ಅಂತ. ಒಂದು ರಾತ್ರಿಯ ಟ್ರಿಪ್‌ಗೆ ಮೈಲಿಗಿಂತ ಗಂಟೆ ಮುಖ್ಯ. ಲೆಕ್ಕ ಹಾಕಿ ನೋಡಿ. ಬೆಳಗ್ಗೆ ಐದಕ್ಕೆ ಫ್ರೀಮಾಂಟ್ ಬಿಟ್ಟರೂ ಓಕ್‌ಡೇಲ್, ಗ್ರೋವ್‌ಲ್ಯಾಂಡ್ ದಾಟಿ ಬಿಗ್ ಓಕ್ ಫ್ಲಾಟ್ ಗೇಟಿಗೆ ಬರುವಷ್ಟರಲ್ಲಿ ಒಂಬತ್ತು. ಅಲ್ಲಿ ಕಾಡಲ್ಲಿ ರಾತ್ರಿ ಉಳಿಯುವ ಪರ್ಮಿಟ್ ತೆಗೆದುಕೊಳ್ಳಬೇಕು, ರೇಂಜರ್ ಹೇಳುವ ನಿಯಮಗಳನ್ನೆಲ್ಲ ಕೇಳಿಸಿಕೊಳ್ಳಬೇಕು. ಅಲ್ಲಿಂದ ಟಯೋಗಾ ರಸ್ತೆಯಲ್ಲಿ ಮತ್ತೆ ಒಂದು ಗಂಟೆ. ಪಾರ್ಕಿಂಗ್ ಹುಡುಕಿ, ಕಾರಲ್ಲಿರುವ ತಿಂಡಿ ತೀರ್ಥ ಖಾಲಿ ಮಾಡಿ, ಬ್ಯಾಗು ಕಟ್ಟಿ, ಮಗಳ ಶೂ ಲೇಸ್ ಬಿಗಿ ಮಾಡಿ ಹೊರಡುವಾಗ ಮಧ್ಯಾಹ್ನ ಹನ್ನೆರಡು ಆಗಿರುತ್ತದೆ. ಮಾರನೇ ದಿನ ಇದೇ ಉಲ್ಟಾ. ಅಂದರೆ ಕೈಯಲ್ಲಿರುವುದು ಎರಡು ಅರ್ಧ ದಿನ, ಅಷ್ಟೇ. ಅದನ್ನೂ ನಡಿಗೆಗೇ ಸುರಿದರೆ ಕತ್ತಲಲ್ಲಿ ಟೆಂಟ್ ಹಾಕಿ, ಬೆಳಕು ಹರಿದ ಕೂಡಲೇ ಬಿಚ್ಚುವುದೇ ಕೆಲಸವಾಗುತ್ತದೆ. ಆ ಸುಖಕ್ಕೆ ಅಷ್ಟು ದೂರ ಹೋಗಬೇಕಾ?

ಇನ್ನು ಎತ್ತರ. ನಮ್ಮ ಕುಮಾರ ಪರ್ವತ 1,712 ಮೀಟರ್. ಕರ್ನಾಟಕದಲ್ಲೇ ಎತ್ತರದ ಮುಳ್ಳಯ್ಯನಗಿರಿ 1,930ರ ಆಸುಪಾಸು. ಕೆಥೀಡ್ರಲ್ ಲೇಕ್ಸ್, ಗ್ಲೆನ್ ಆಲಿನ್‌ಗೆ ಹೊರಡುವ ಟವಲಮಿ ಮೆಡೋಸ್‌ನಲ್ಲಿ ನೀವು ಕಾರು ನಿಲ್ಲಿಸುವ ಜಾಗವೇ 2,600 ಮೀಟರ್. ಸಮುದ್ರ ಮಟ್ಟದಲ್ಲಿರುವ ಫ್ರೀಮಾಂಟಿನಿಂದ ಸೀದಾ ಅಲ್ಲಿಗೆ ಬಂದು ಹನ್ನೆರಡು ಕೆಜಿ ಹೊತ್ತರೆ, ಗಟ್ಟಿಮುಟ್ಟಾದವರಿಗೂ ಮೊದಲ ದಿನ ತಲೆ ಭಾರ, ಏದುಸಿರು. ಜೊತೆಗೆ ಇಲ್ಲಿ ದಾರಿ ಮಧ್ಯೆ ಎಲೆ ಹಾಕಿ ಅನ್ನ ಸಾರು ಬಡಿಸೋಕೆ ಭಟ್ಟರ ಮನೆ ಇಲ್ಲ. ತಿನ್ನುವುದನ್ನೂ ಹೊರಬೇಕು, ಕಸವನ್ನೂ ಹೊತ್ತು ತರಬೇಕು.

ಈಗ ನಿಮ್ಮ ಮೂರು.

ಲಿಟಲ್ ಯೊಸೆಮಿಟಿ ವ್ಯಾಲಿ ನಿಮ್ಮ ಪಟ್ಟಿಗೆ ಯಾಕೆ ಬಂತು ಅಂತ ಗೊತ್ತು, ಯೊಸೆಮಿಟಿಯ ಆ ಪ್ರಸಿದ್ಧ ಬಂಡೆಬೆಟ್ಟ ಹಾಫ್ ಡೋಮ್ ಅಲ್ಲಿಂದ ಹತ್ತಿರ! ಕಣಿವೆಯಿಂದ ನಾಲ್ಕು ಮೈಲಿ ಚಿಲ್ಲರೆ, ಆದರೆ ಎರಡು ಸಾವಿರ ಅಡಿ ಏರು. ಮಿಸ್ಟ್ ಟ್ರೇಲ್‌ನ ಒದ್ದೆ ಕಲ್ಲಿನ ಮೆಟ್ಟಿಲುಗಳನ್ನು ಲಗೇಜ್ ಹೊತ್ತು ಹತ್ತುವುದಿದೆಯಲ್ಲ, ವರ್ನಲ್ ಫಾಲ್‌ನ 317 ಅಡಿ ಮುಗಿಯಿತು ಅನ್ನುವಾಗ ನೆವಾಡಾ ಫಾಲ್‌ನ 594 ಅಡಿ ಎದುರಿಗೆ ನಿಂತಿರುತ್ತದೆ. ಮೇಲೆ ಹೋದರೆ ಜಾತ್ರೆ. ಹಾಫ್ ಡೋಮ್ ತುದಿಗೆ ಕಟ್ಟಿರುವ ಉಕ್ಕಿನ ಕೇಬಲ್ ಹಿಡಿದು ಹತ್ತಲು ಬೇರೆಯೇ ಪರ್ಮಿಟ್ ಬೇಕು, ಮತ್ತು ಹತ್ತು ವರ್ಷದ ಮಗುವನ್ನು ಆ ಕೇಬಲ್ ಮೇಲೆ ಹತ್ತಿಸಿ ಅಂತ ನಾನಂತೂ ಹೇಳುವುದಿಲ್ಲ. ಪರ್ಮಿಟ್‌ಗೆ ನೂಕುನುಗ್ಗಲು ಬೇರೆ. ಇದನ್ನು ಪಟ್ಟಿಯಿಂದ ಹೊಡೆದುಹಾಕಿ.

ಗ್ಲೆನ್ ಆಲಿನ್ ನನಗೆ ತುಂಬಾ ಇಷ್ಟ. ಟವಲಮಿ ನದಿ ಪಕ್ಕದಲ್ಲೇ ದಾರಿ, ಬಂಡೆ ಮೇಲೆ ಹರಡಿಕೊಂಡು ಹರಿಯುವ ನೀರು, ಒಂದಾದ ಮೇಲೊಂದು ಜಲಪಾತ. ತೊಂದರೆ ಏನೆಂದರೆ ಹೋಗುವಾಗ ಇಳಿಜಾರು, ಬರುವಾಗ ಏರು. ಸುಮಾರು ಆರು ಮೈಲಿ. ಎರಡನೇ ದಿನ, ನೆಲದ ಮೇಲೆ ಮಲಗಿ ಸೊಂಟ ಹಿಡಿದುಕೊಂಡಿರುವಾಗ ಅಷ್ಟು ದೂರ ಹತ್ತಿ ಬಂದು, ಆಮೇಲೆ ಐದು ಗಂಟೆ ಕಾರು ಓಡಿಸಬೇಕು. ಎರಡು ರಾತ್ರಿ ಸಿಕ್ಕಾಗ ಹೋಗಿ.

ಕೆಥೀಡ್ರಲ್ ಲೇಕ್ಸ್ ಬಗ್ಗೆ ತಕರಾರು ಇಲ್ಲ. ಮೂರೂವರೆ ಮೈಲಿ, ಸಾವಿರ ಅಡಿ ಏರು, ಕೆರೆಯ ಪಕ್ಕದಲ್ಲೇ ಕೆಥೀಡ್ರಲ್ ಪೀಕ್‌ನ ಚೂಪು ತುದಿ. ಆದರೆ ಅದು ಎಲ್ಲರಿಗೂ ಬೇಕು, ವಾರಗಟ್ಟಲೆಯ ಜಾನ್ ಮ್ಯೂರ್ ಟ್ರೇಲ್ ನಡೆಯುವವರೂ ಅಲ್ಲೇ ಹಾದುಹೋಗುತ್ತಾರೆ, ಹಾಗಾಗಿ ಶನಿವಾರದ ಪರ್ಮಿಟ್ ಸಿಗುವುದು ನಿಮ್ಮ ಪುಣ್ಯ. ಸಿಕ್ಕರೆ ಬಿಡಬೇಡಿ, ಎರಡನೇ ಆಯ್ಕೆಯಾಗಿ ಇಟ್ಟುಕೊಳ್ಳಿ.

ಮೇ ಲೇಕ್ ಅಂದರೆ ಜನ ಮೂಗು ಮುರಿಯುತ್ತಾರೆ, ಬರೀ 1.2 ಮೈಲಿ ತಾನೆ ಅಂತ. ಅದೇ ಅದರ ಗುಣ. ಐನೂರು ಅಡಿ ಏರು, ಮಗಳ ಜೊತೆ ನಿಧಾನವಾಗಿ ಕೂತು ಎದ್ದು ಹೋದರೂ ಒಂದೂವರೆ ಗಂಟೆ. ಹನ್ನೆರಡಕ್ಕೆ ಹೊರಟವರು ಎರಡರೊಳಗೆ ಕೆರೆಯ ಹತ್ತಿರ ಇರುತ್ತೀರಿ. ಸಮುದ್ರ ಮಟ್ಟದಿಂದ 9,300 ಅಡಿ ಹತ್ತಿರ, ಹಿಂದೆ ಗೋಡೆಯ ಹಾಗೆ ಮೌಂಟ್ ಹಾಫ್‌ಮನ್. ಬ್ಯಾಕ್‌ಪ್ಯಾಕರ್‌ಗಳಿಗೆ ಗೊತ್ತುಮಾಡಿದ ಜಾಗ ಇದೆ, ಸೀಸನ್‌ನಲ್ಲಿ ಟಾಯ್ಲೆಟ್ ಕೂಡ ಇರುತ್ತದೆ. ಹತ್ತು ವರ್ಷದವಳಿಗೆ ಮೊದಲ ರಾತ್ರಿಯೇ ಕಾಡಲ್ಲಿ ಗುಂಡಿ ತೋಡಿ ಕೂರು ಅನ್ನುವುದು ಕಷ್ಟ, ಅಲ್ವಾ. ಆದರೂ ಗುಂಡಿ ತೋಡಲು ಒಂದು ಸಣ್ಣ ಟ್ರೋವೆಲ್ (ಕೈಸಲಿಕೆ) ಇಟ್ಟುಕೊಳ್ಳಿ. ನೀರಿನಿಂದ ನೂರಡಿ ಆಚೆ, ಆರು ಇಂಚು ಆಳ, ಅದು ನಿಯಮ. ಟಾಯ್ಲೆಟ್ ಪೇಪರ್ ಬಳಸಿದರೆ ಅದನ್ನೂ ಚೀಲದಲ್ಲಿ ವಾಪಸ್ ತರಬೇಕು. ನೀರು ಬಳಸುವ ನಮಗೆ ಇಲ್ಲಿ ಲಾಭ, ಅದಕ್ಕೇ ಅಂತ ಒಂದು ಬೇರೆ ಬಾಟಲಿ ಇರಲಿ. ತೊಳೆಯುವುದು ಕೂಡ ಕೆರೆಯಿಂದ ದೂರ.

ಇನ್ನೊಂದು ವಿಷಯ, ರಾತ್ರಿ ಯಾರಿಗಾದರೂ ತಲೆನೋವು ಜಾಸ್ತಿಯಾದರೆ, ವಾಂತಿ ಬಂದರೆ, ಮುಕ್ಕಾಲು ಗಂಟೆಯಲ್ಲಿ ಕಾರಿನ ಹತ್ತಿರ ಬರಬಹುದು. ಗ್ಲೆನ್ ಆಲಿನ್‌ನಿಂದ ಆಗುವುದಿಲ್ಲ.

ಕಾಲಿಗೆ ಕೆಲಸ ಸಾಲದು ಅನ್ನಿಸಿದರೆ ಹಾಫ್‌ಮನ್ ಇದೆಯಲ್ಲ. 10,850 ಅಡಿ, ಪಾರ್ಕಿನ ಹೆಚ್ಚುಕಡಿಮೆ ನಟ್ಟನಡುವೆ. ಬೆಳಗ್ಗೆ ಆರಕ್ಕೆ ಟೆಂಟನ್ನು ಅಲ್ಲೇ ಬಿಟ್ಟು ಬರೀ ನೀರು, ಜಾಕೆಟ್ ಹಿಡಿದು ಹೊರಟರೆ ಎರಡು ಮೈಲಿಯೊಳಗೆ ತುದಿ. ಕೊನೆಯ ಭಾಗ ಕೈ ಊರಿ ಹತ್ತುವ ಬಂಡೆ. ಮಗಳಿಗೆ ಧೈರ್ಯ ಬರದಿದ್ದರೆ ಅದಕ್ಕೆ ಮೊದಲೇ ಸಿಗುವ ಬಯಲಲ್ಲಿ ನಿಂತರೂ ಹಾಫ್ ಡೋಮ್‌ನ ಬೆನ್ನು, ಕ್ಲೌಡ್ಸ್ ರೆಸ್ಟ್, ಕೆಳಗೆ ಟೆನಾಯಾ ಲೇಕ್ ಎಲ್ಲ ಕಾಣುತ್ತದೆ. ಮೇಲೆ ಮಾರ್ಮಟ್‌ಗಳಿವೆ, ದಪ್ಪ ದಪ್ಪ ಅಳಿಲಿನ ಜಾತಿಯವು, ಚಾಮುಂಡಿ ಬೆಟ್ಟದ ಕೋತಿಗಳಿಗೆ ಪೈಪೋಟಿ ಕೊಡುವಂಥವು. ಬ್ಯಾಗಿನ ಜಿಪ್ ತೆರೆದಿಡಬೇಡಿ, ಏನೂ ಹಾಕಬೇಡಿ. ಜುಲೈ, ಆಗಸ್ಟಿನಲ್ಲಿ ಮಧ್ಯಾಹ್ನ ಗುಡುಗು ಸಿಡಿಲು ಸಾಮಾನ್ಯ, ಹನ್ನೊಂದರೊಳಗೆ ಇಳಿದುಬಿಡಿ.

ಪರ್ಮಿಟ್ ಬಗ್ಗೆ ಎಲ್ಲರೂ ಗೊಂದಲ ಮಾಡಿಕೊಳ್ಳುತ್ತಾರೆ, ವಿಷಯ ಸರಳ. ರಾತ್ರಿ ಉಳಿಯುವವರಿಗೆ ವರ್ಷದ ಯಾವ ದಿನವಾದರೂ ವಿಲ್ಡರ್‌ನೆಸ್ ಪರ್ಮಿಟ್ ಬೇಕೇ ಬೇಕು. ದಿನಕ್ಕೆ ಒಂದೊಂದು ಟ್ರೇಲ್‌ಹೆಡ್‌ಗೆ, ಅಂದರೆ ದಾರಿ ಶುರುವಾಗುವ ಜಾಗಕ್ಕೆ, ಇಷ್ಟು ಜನ ಅಂತ ಕೋಟಾ. ಅದರಲ್ಲಿ ನೂರಕ್ಕೆ ಅರವತ್ತು ಭಾಗ 24 ವಾರ ಮೊದಲೇ ಲಾಟರಿಯಲ್ಲಿ ಹೋಗುತ್ತದೆ. ಉಳಿದ ನಲವತ್ತು ಹೊರಡುವ ದಿನಕ್ಕೆ ಸರಿಯಾಗಿ ಏಳು ದಿನ ಮೊದಲು, ಬೆಳಗ್ಗೆ ಏಳು ಗಂಟೆಗೆ ರಿಕ್ರಿಯೇಷನ್ ಡಾಟ್ ಗವ್‌ನಲ್ಲಿ ಬಿಡುತ್ತಾರೆ. 6:55ಕ್ಕೆ ಲಾಗಿನ್ ಆಗಿ ಕೂತಿರಿ, ನಮ್ಮ ತತ್ಕಾಲ್ ಟಿಕೆಟ್ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಪಟ್ಟಿಯಲ್ಲಿ ಮೇ ಲೇಕ್ ಅಂತಲೂ ಇರುತ್ತದೆ, ಮೇ ಲೇಕ್‌ನಿಂದ ಸ್ನೋ ಕ್ರೀಕ್ ಅಂತಲೂ ಇರುತ್ತದೆ. ನಿಮಗೆ ಬೇಕಾದ್ದು ಮೊದಲನೆಯದು. ಸಾಧ್ಯವಾದರೆ ಸೋಮವಾರ ರಜೆ ಹಾಕಿ ಭಾನುವಾರ ರಾತ್ರಿ ಉಳಿಯಿರಿ, ಪರ್ಮಿಟ್ ಸುಲಭ, ಸದ್ದೂ ಕಡಿಮೆ. ಕೆಲವು ವರ್ಷ ಬೇಸಿಗೆಯಲ್ಲಿ ಪಾರ್ಕಿನೊಳಗೆ ಬರುವುದಕ್ಕೇ ರಿಸರ್ವೇಷನ್ ಕೇಳಿದ್ದುಂಟು. ಅಂಥ ವರ್ಷಗಳಲ್ಲೂ ವಿಲ್ಡರ್‌ನೆಸ್ ಪರ್ಮಿಟ್ ಇದ್ದವರಿಗೆ ಅದು ಬೇಕಿರಲಿಲ್ಲ.

ಪರ್ಮಿಟ್ ಕೊಡುವಲ್ಲೇ ಬೇರ್ ಕ್ಯಾನಿಸ್ಟರ್, ಅಂದರೆ ಕರಡಿಗೆ ತೆರೆಯಲಾಗದ ಗಟ್ಟಿ ಊಟದ ಡಬ್ಬ, ಬಾಡಿಗೆಗೆ ಸಿಗುತ್ತದೆ, ನಮ್ಮ ಮನೆಯಲ್ಲಿ ಅದಕ್ಕೆ ಕರಡಿ ಡಬ್ಬ ಅಂತಲೇ ಹೆಸರು. ಇದು ಕಡ್ಡಾಯ, ಮರಕ್ಕೆ ನೇತುಹಾಕುವುದಕ್ಕೆ ಇಲ್ಲಿ ಅನುಮತಿ ಇಲ್ಲ. 1998ರಲ್ಲಿ ಈ ಒಂದೇ ಪಾರ್ಕಿನಲ್ಲಿ ಕರಡಿಗಳು ಕಾರು ಒಡೆದದ್ದು, ಊಟ ಕದ್ದದ್ದು ಎಲ್ಲ ಸೇರಿ ಒಂದೂವರೆ ಸಾವಿರಕ್ಕೂ ಜಾಸ್ತಿ ಪ್ರಕರಣ. ಡಬ್ಬ, ಲಾಕರ್ ಬಂದ ಮೇಲೆ ಅದು ಎಷ್ಟೋ ಪಾಲು ಇಳಿಯಿತು. ಊಟ ಮಾತ್ರ ಅಲ್ಲ, ಪೇಸ್ಟು, ಸನ್‌ಸ್ಕ್ರೀನ್, ವಿಕ್ಸ್, ವಾಸನೆ ಬರುವ ಎಲ್ಲವೂ ಡಬ್ಬದೊಳಗೆ. ರಾತ್ರಿ ಅದನ್ನು ಟೆಂಟಿನಿಂದ ದೂರ ಇಡಿ. ಕಾರಲ್ಲೂ ಏನೂ ಇರಬಾರದು, ಟ್ರೇಲ್‌ಹೆಡ್‌ನಲ್ಲಿ ಕಬ್ಬಿಣದ ಲಾಕರ್ ಇದೆ. ಡಿಕ್ಕಿಯಲ್ಲಿ ಮರೆತ ಉಪ್ಪಿನಕಾಯಿ ಬಾಟಲಿಯೂ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಸ್ವಂತ ಡಬ್ಬ ಬೇರ್‌ವಾಲ್ಟ್ ಕಂಪನಿಯದಾದರೆ ಮುಚ್ಚಳವನ್ನು ಮನೆಯಲ್ಲೇ ತೆಗೆದು ಹಾಕಿ ರೂಢಿ ಮಾಡಿಕೊಳ್ಳಿ. ಚಳಿಯ ಬೆಳಗ್ಗೆ ಆ ಪ್ಲಾಸ್ಟಿಕ್ ಬಿರುಸಾಗಿ, ಬೆರಳೂ ಮರಗಟ್ಟಿ, ಕಾಫಿ ಪುಡಿ ಒಳಗೆ ನೀವು ಹೊರಗೆ. ಮುಚ್ಚಳದ ಗಂಟು ತಿರುಗದಂತೆ ಅಡ್ಡ ಸಿಕ್ಕಿಕೊಳ್ಳುವ ಜಾಗದಲ್ಲಿ ಹಳೆಯ ಕ್ರೆಡಿಟ್ ಕಾರ್ಡ್ ತೂರಿಸಿ ತಿರುಗಿಸಿದರೆ ಜಾರಿಕೊಂಡು ಬರುತ್ತದೆ.

ಅಡುಗೆ ವಿಷಯಕ್ಕೆ ಬಂದರೆ, ಅಷ್ಟು ಎತ್ತರದಲ್ಲಿ ನೀರು ಕುದಿಯುವುದು ಸುಮಾರು 90 ಡಿಗ್ರಿಗೆ. ಕುಕ್ಕರ್ ಇಲ್ಲದೆ ಬೇಳೆ ಬೇಯುವುದಿಲ್ಲ, ಅನ್ನವೂ ಅರೆಬರೆ. ಅದಕ್ಕೇ ನಾನು ಹೇಳುವುದು ಗೊಜ್ಜವಲಕ್ಕಿ. ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ರವೆಯ ಹಾಗೆ ತರಿತರಿ ಮಾಡಿ, ಪುಳಿಯೋಗರೆ ಪುಡಿ, ಉಪ್ಪು, ಬೆಲ್ಲದ ಪುಡಿ, ಒಣ ಕೊಬ್ಬರಿ ತುರಿ ಬೆರೆಸಿ, ಕಡಲೆಕಾಯಿ ಬೀಜ ಹಾಕಿದ ಒಗ್ಗರಣೆ ಚೆನ್ನಾಗಿ ಆರಿದ ಮೇಲೆ ಸೇರಿಸಿ ಜಿಪ್‌ಲಾಕ್‌ಗೆ ತುಂಬಿ. ಅಲ್ಲಿ ಅದೇ ಚೀಲಕ್ಕೆ ನೀರು ಚಿಮುಕಿಸಿ ಹದಿನೈದು ನಿಮಿಷ ಬಿಟ್ಟರೆ ಊಟ ತಯಾರು. ಒಲೆ ಬೇಡ, ಪಾತ್ರೆ ತೊಳೆಯುವ ತಾಪತ್ರಯವೂ ಇಲ್ಲ. ಬೆಳಗ್ಗೆಗೆ ಹುರಿದ ರವೆಯ ಉಪ್ಪಿಟ್ಟು ಮಿಕ್ಸ್, ದಾರಿಗೆ ಚಕ್ಕುಲಿ. ಚಪಾತಿ ಒಯ್ಯಬಹುದು, ಸುರುಳಿ ಸುತ್ತಿ ಡಬ್ಬದ ಗೋಡೆಗೆ ಒತ್ತಿ ಇಟ್ಟರೆ ಜಾಗ ಉಳಿಯುತ್ತದೆ. ಕೆರೆಯ ನೀರು ಎಷ್ಟೇ ತಿಳಿಯಾಗಿರಲಿ, ಫಿಲ್ಟರ್ ಮಾಡದೆ ಕುಡಿಯಬೇಡಿ.

ಯಾವಾಗ? ಆಗಸ್ಟ್ ಎರಡನೇ ವಾರದಿಂದ ಸೆಪ್ಟೆಂಬರ್ ಮಧ್ಯದವರೆಗೆ, ಲೇಬರ್ ಡೇ (ಸೆಪ್ಟೆಂಬರ್ ಮೊದಲ ಸೋಮವಾರದ ರಜೆ) ವೀಕೆಂಡ್ ಬಿಟ್ಟು. ಜುಲೈನಲ್ಲಿ ಸೊಳ್ಳೆ ಕಾಟ, ಮಗಳು ಅತ್ತುಬಿಡುತ್ತಾಳೆ. ಟಯೋಗಾ ರಸ್ತೆ ಸಾಮಾನ್ಯವಾಗಿ ಮೇ ಕೊನೆ ಅಥವಾ ಜೂನ್‌ನಲ್ಲಿ ತೆರೆಯುತ್ತದೆ, ಆದರೆ ವಿಪರೀತ ಹಿಮ ಬಿದ್ದ 2023ರಲ್ಲಿ ಜುಲೈ 22ರವರೆಗೆ ಮುಚ್ಚಿತ್ತು. ಮೇ ಲೇಕ್‌ಗೆ ಹೋಗುವ ಒಳರಸ್ತೆ ಅದಕ್ಕಿಂತಲೂ ತಡ. ಕಾಳ್ಗಿಚ್ಚಿನ ಹೊಗೆ ಬಂದರೆ ಮಾತ್ರ ಮುಲಾಜಿಲ್ಲದೆ ಕ್ಯಾನ್ಸಲ್ ಮಾಡಿ. ಸೆಪ್ಟೆಂಬರ್ ರಾತ್ರಿ ಸೊನ್ನೆ ಡಿಗ್ರಿ ಹತ್ತಿರ ಇಳಿಯಬಹುದು, ಆದ್ದರಿಂದ ಟೆಂಟಿಗೆ ದುಡ್ಡು ಸುರಿಯುವ ಬದಲು ಒಳ್ಳೆಯ ಸ್ಲೀಪಿಂಗ್ ಪ್ಯಾಡ್ ಬಾಡಿಗೆಗೆ ತನ್ನಿ. ಚಳಿ ಬರುವುದು ನೆಲದಿಂದ.

ಏಳು ದಿನ ಮೊದಲು ಕೂತರೂ ಪರ್ಮಿಟ್ ಸಿಗಲಿಲ್ಲವಾ? ಯೊಸೆಮಿಟಿ ಬಿಟ್ಟು 108 ಹೆದ್ದಾರಿ ಹಿಡಿದು ಎಮಿಗ್ರಂಟ್ ವಿಲ್ಡರ್‌ನೆಸ್‌ಗೆ ಹೋಗಿ. ಪಾರ್ಕಿನ ಉತ್ತರಕ್ಕೆ ಅಂಟಿಕೊಂಡೇ ಇದೆ. ಪರ್ಮಿಟ್ ಬೇಕು, ಆದರೆ ಕೋಟಾ ಇಲ್ಲ, ದುಡ್ಡೂ ಇಲ್ಲ. ಕ್ರ್ಯಾಬ್‌ಟ್ರೀ ಟ್ರೇಲ್‌ಹೆಡ್‌ನಿಂದ ಬೇರ್ ಲೇಕ್ ಸುಮಾರು ನಾಲ್ಕು ಮೈಲಿ, ಅದಕ್ಕೂ ಮೊದಲೇ ಕ್ಯಾಂಪ್ ಲೇಕ್ ಸಿಗುತ್ತದೆ, ಮಗಳಿಗೆ ಸುಸ್ತಾದರೆ ಅಲ್ಲೇ ಉಳಿಯಬಹುದು. ಈ ಎರಡೂ ಕೆರೆಗಳ ಹತ್ತಿರ ಒಂದೇ ರಾತ್ರಿ ಇರಲು ಬಿಡುವುದು, ನಿಮಗೆ ಬೇಕಾಗಿರುವುದೂ ಅಷ್ಟೇ.