ಮಲಬದ್ಧತೆ ಇಲ್ಲದವರಿಗೆ ಲ್ಯಾಕ್ಟುಲೋಸ್ ಏಕೆ?
ಸಿರೋಸಿಸ್ (ಯಕೃತ್ತು ಕಲೆಗಟ್ಟಿ ಗಡಸಾಗುವ ಕಾಯಿಲೆ) ಇರುವ ನಿಮ್ಮ ತಂದೆಯವರಿಗೆ ಮಲಬದ್ಧತೆಯೇ ಇಲ್ಲ, ಆದರೂ ಮಲ ಸಡಿಲಿಸುವ ಲ್ಯಾಕ್ಟುಲೋಸ್ ಸಿರಪ್ ಏಕೆ ಎಂದು ಕೇಳಿದ್ದೀರಿ. ಅದು ಹೊಟ್ಟೆಗಿಂತ ಹೆಚ್ಚಾಗಿ ಮಿದುಳನ್ನು ಕಾಯಲು ಕೊಟ್ಟ ಔಷಧ! ಕರುಳಿನಲ್ಲಿ ಹುಟ್ಟುವ ಅಮೋನಿಯಾವನ್ನು ಯಕೃತ್ತು ಯೂರಿಯಾ ಆಗಿಸಿ ಮೂತ್ರದ ದಾರಿಗೆ ಕಳುಹಿಸುತ್ತದೆ. ಕಲೆಗಟ್ಟಿ ಗಡಸಾದ ಯಕೃತ್ತಿಗೆ ಆ ಕೆಲಸ ಪೂರ್ತಿ ಆಗದು. ಅಮೋನಿಯಾ ಮಿದುಳಿಗೆ ಏರಿದರೆ ಹಗಲು ತೂಕಡಿಕೆ, ರಾತ್ರಿ ಎಚ್ಚರ, ಮಾತಿನಲ್ಲಿ ತಡವರಿಕೆ. ಎರಡೂ ಕೈ ಮುಂದೆ ಚಾಚಿ, ಬಸ್ ನಿಲ್ಲಿಸುವವರಂತೆ ಅಂಗೈ ಎತ್ತಿ ಹಿಡಿಯಲು ಹೇಳಿ ನೋಡಿ. ಹಕ್ಕಿ ರೆಕ್ಕೆ ಬಡಿದಂತೆ ಅಂಗೈ ಕುಸಿದು ಕುಸಿದು ಏಳುತ್ತಿದ್ದರೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ಲ್ಯಾಕ್ಟುಲೋಸ್ ಕರುಳನ್ನು ಆಮ್ಲೀಯಗೊಳಿಸಿ ಅಮೋನಿಯಾವನ್ನು ಅಲ್ಲೇ ಹಿಡಿದು ಹೊರದೂಡುತ್ತದೆ. ದಿನಕ್ಕೆ 2–3 ಬಾರಿ ಮೆತ್ತಗೆ ಮಲವಾದರೆ ಪ್ರಮಾಣ ಸರಿ. ನೀರಾಗಿ ಹೋದರೆ ಹೆಚ್ಚಾಯಿತು, ತಿಳಿಸಿ. ಪ್ರೋಟೀನ್ ತಿಂದರೆ ಅಮೋನಿಯಾ ಹೆಚ್ಚುತ್ತದೆ ಎಂಬ ಯಾರದೋ ಮಾತು ಕೇಳಿ ಬೇಳೆ, ಮೊಸರು ನಿಲ್ಲಿಸಬೇಡಿ. ಆ ಹಳೆಯ ಪಥ್ಯ ಸ್ನಾಯುವನ್ನು ಕರಗಿಸುತ್ತದೆ. ಯಕೃತ್ತು ಸೋತಾಗ ಅಮೋನಿಯಾಕ್ಕೆ ಒಂದಿಷ್ಟು ಗತಿ ಕಾಣಿಸುವುದು ಅದೇ ಸ್ನಾಯು.